ನ್ಯೂಯಾರ್ಕ್ ನಗರವೇ ಒಂದು ರಾಜ್ಯವಾದರೆ? ಪಾಲು ಕೇಳುವ ಮುನ್ನ ನೋಡಬೇಕಾದ ಖಾತೆಗಳು

ಕೂಡು ವ್ಯವಹಾರ ನಡೆಸುವ ಮನೆತನಗಳಲ್ಲಿ ಒಂದು ಅಸಮಾಧಾನ ಆಗಾಗ್ಗೆ ತಲೆದೋರುವುದನ್ನು ನಮ್ಮ ವರ್ತಕ ಬಂಧುಗಳು ಬಲ್ಲರು. ಪೇಟೆಯ ದೊಡ್ಡ ಅಂಗಡಿಯನ್ನು ನೋಡಿಕೊಳ್ಳುವ ತಮ್ಮನಿಗೆ, ದುಡಿಮೆಯೆಲ್ಲ ತನ್ನದು, ಆದರೆ ತಿಜೋರಿಯ ಕೀಲಿ ಮಾತ್ರ ಅಣ್ಣನ ಸೊಂಟದಲ್ಲಿ ಎಂಬ ಕೊರಗು. ಕೊರಗು ಬೆಳೆದಾಗ ‘ನನ್ನ ಪಾಲನ್ನು ಬೇರೆ ಮಾಡಿಕೊಡಿ’ ಎಂಬ ಮಾತು ಬರುತ್ತದೆ. ಅಮೆರಿಕದ ಅತಿ ದೊಡ್ಡ ವಾಣಿಜ್ಯ ನಗರವಾದ ನ್ಯೂಯಾರ್ಕ್ ಕೂಡ ಇದೇ ಮಾತನ್ನು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಆಡುತ್ತ ಬಂದಿದೆ. ತಾನು ನ್ಯೂಯಾರ್ಕ್ ರಾಜ್ಯದಿಂದ ಬೇರ್ಪಟ್ಟು ಅಮೆರಿಕದ 51ನೆಯ ರಾಜ್ಯವಾಗಬೇಕೆಂಬುದು ಆ ನಗರದ ಹಳೆಯ ಕನಸು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ನ್ಯೂಯಾರ್ಕ್ ಎಂಬುದು ನಗರದ ಹೆಸರೂ ಹೌದು, ರಾಜ್ಯದ ಹೆಸರೂ ಹೌದು. ರಾಜ್ಯದ ರಾಜಧಾನಿ ನಗರದಲ್ಲಿಲ್ಲ. ಹಡ್ಸನ್ ನದಿಯ ಮೇಲ್ಭಾಗದಲ್ಲಿರುವ ಆಲ್ಬನಿ ಎಂಬ ಸಣ್ಣ ಪಟ್ಟಣದಲ್ಲಿದೆ. 2020ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 2.02 ಕೋಟಿ, ಅದರಲ್ಲಿ ನಗರದ ಪಾಲು 88 ಲಕ್ಷ. ನಗರವು ಪ್ರತ್ಯೇಕ ರಾಜ್ಯವಾದರೆ ಜನಸಂಖ್ಯೆಯಲ್ಲಿ ವರ್ಜೀನಿಯಾವನ್ನು ಹಿಂದಿಕ್ಕಿ 12ನೆಯ ಸ್ಥಾನದಲ್ಲಿ ನಿಲ್ಲುತ್ತದೆ. ವಿಸ್ತೀರ್ಣದಲ್ಲಿ ಮಾತ್ರ ಎಲ್ಲಕ್ಕಿಂತ ಚಿಕ್ಕದಾಗುತ್ತದೆ. ಅದರ ನೆಲ ಸುಮಾರು 780 ಚದರ ಕಿಲೋಮೀಟರು. ಇಂದಿನ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡಿನ ನೆಲದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್ ರಾಜ್ಯಕ್ಕೆ ಸೆನೆಟ್ಟಿನಲ್ಲಿ ಇಬ್ಬರು ಸದಸ್ಯರಿರುವಾಗ, 88 ಲಕ್ಷ ಜನರ ನಗರಕ್ಕೆ ಸ್ವಂತವಾಗಿ ಒಬ್ಬರೂ ಇಲ್ಲವೆಂಬುದು ಬೇಡಿಕೆಯ ಬೆಂಬಲಿಗರ ಮೊದಲ ವಾದ.

ಸುಂಕದ ಕಟ್ಟೆಯಿಂದ ಹುಟ್ಟಿದ ಬೇಡಿಕೆ

ಈ ವಿಚಾರ ಮೊದಲು ಪ್ರಬಲವಾಗಿ ಕೇಳಿಬಂದದ್ದು 1861ರ ಜನವರಿಯಲ್ಲಿ. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತೊರೆಯುತ್ತಿದ್ದ ಕಾಲವದು. ಆಗಿನ ಮೇಯರ್ ಫೆರ್ನಾಂಡೊ ವುಡ್ ಅವರು ನಗರವು ರಾಜ್ಯದಿಂದ ಮಾತ್ರವಲ್ಲ, ಒಕ್ಕೂಟದಿಂದಲೇ ಹೊರಬಂದು ಸ್ವತಂತ್ರ ನಗರವಾಗಬಹುದೆಂಬ ಸಲಹೆಯನ್ನು ನಗರಸಭೆಯ ಮುಂದಿಟ್ಟರು. ಇದರ ಹಿಂದಿದ್ದುದು ಶುದ್ಧ ವ್ಯಾಪಾರದ ಲೆಕ್ಕ. ಅಂದು ಕೇಂದ್ರ ಸರ್ಕಾರದ ವರಮಾನ ಬಹುಪಾಲು ಆಮದು ಸುಂಕದಿಂದಲೇ ಬರುತ್ತಿತ್ತು. ಆ ಸುಂಕದ ಬಹುಭಾಗ ನ್ಯೂಯಾರ್ಕ್ ಬಂದರಿನಲ್ಲಿ ವಸೂಲಾಗುತ್ತಿತ್ತು. ದಕ್ಷಿಣದ ಹತ್ತಿಗೆ ಸಾಲ, ಹಡಗು, ವಿಮೆ ಒದಗಿಸುತ್ತಿದ್ದವರು ನಗರದ ವರ್ತಕರು. ಯುದ್ಧವಾದರೆ ದಕ್ಷಿಣದಿಂದ ಬರಬೇಕಾದ ಬಾಕಿ ಮುಳುಗುತ್ತದೆಂಬ ಭಯ ಅವರಿಗಿತ್ತು. ಗುಲಾಮರ ಬೆವರಿನ ಹತ್ತಿಯಿಂದ ಬರುತ್ತಿದ್ದ ಲಾಭವನ್ನು ಕಾಪಾಡಿಕೊಳ್ಳುವ ಉದ್ದೇಶವೂ ಅದರಲ್ಲಿತ್ತು ಎಂಬುದನ್ನು ಮರೆಮಾಚಲಾಗದು. ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದೊಡನೆ ನಗರದ ಮನಸ್ಸು ಬದಲಾಯಿತು. ಯೂನಿಯನ್ ಚೌಕದಲ್ಲಿ ಒಕ್ಕೂಟದ ಪರವಾಗಿ ಬೃಹತ್ ಸಭೆ ನಡೆಯಿತು. ವುಡ್ ಅವರ ಸಲಹೆ ಮೂಲೆಗೆ ಸೇರಿತು.

ಮುಂದೆ ನಡೆದದ್ದು ಒಡೆಯುವ ಕೆಲಸವಲ್ಲ, ಕೂಡಿಸುವ ಕೆಲಸ. ಇಂದಿನ ನ್ಯೂಯಾರ್ಕ್ ನಗರವೇ ಒಂದು ವಿಲೀನದ ಫಲ. ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್ ಮತ್ತು ಸ್ಟೇಟನ್ ಐಲೆಂಡ್ ಎಂಬ ಐದು ವಿಭಾಗಗಳು ಒಂದೇ ಆಡಳಿತಕ್ಕೆ ಬಂದದ್ದು 1898ರ ಜನವರಿ 1ರಂದು. ಅದಕ್ಕೂ ಮೊದಲು, 1894ರಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹಣೆಯಲ್ಲಿ ಸ್ವತಂತ್ರ ನಗರವಾಗಿದ್ದ ಬ್ರೂಕ್ಲಿನ್ ಕೇವಲ 277 ಮತಗಳ ಅಂತರದಿಂದ ವಿಲೀನಕ್ಕೆ ಒಪ್ಪಿತ್ತು. ಬಂದರಿನ ಏಕೀಕೃತ ನಿರ್ವಹಣೆ, ಕುಡಿಯುವ ನೀರು, ಸಾಲ ಎತ್ತುವ ಸಾಮರ್ಥ್ಯ ಇವೇ ವಿಲೀನದ ಮುಖ್ಯ ಕಾರಣಗಳಾಗಿದ್ದವು. ದೊಡ್ಡ ಸಂಸ್ಥೆಗೆ ಅಗ್ಗದ ಸಾಲ ದೊರೆಯುತ್ತದೆಂಬ ಸತ್ಯ ಅಂದಿನ ಬ್ರೂಕ್ಲಿನ್ನಿನವರಿಗೂ ತಿಳಿದಿತ್ತು.

ಆಲ್ಬನಿಯ ಕೈಯಲ್ಲಿರುವ ಕೀಲಿ

ಇಪ್ಪತ್ತನೆಯ ಶತಮಾನದಲ್ಲಿ ಬೇಡಿಕೆಯನ್ನು ಮತ್ತೆ ಜನರ ಮುಂದೆ ತಂದವರು ಕಾದಂಬರಿಕಾರ ನಾರ್ಮನ್ ಮೇಲರ್. 1969ರಲ್ಲಿ ಅವರು ಮೇಯರ್ ಸ್ಥಾನಕ್ಕೂ, ಪತ್ರಕರ್ತ ಜಿಮ್ಮಿ ಬ್ರೆಸ್ಲಿನ್ ನಗರಸಭೆಯ ಅಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದರು. ನಗರವನ್ನು 51ನೆಯ ರಾಜ್ಯವನ್ನಾಗಿಸುವುದೇ ಅವರ ಪ್ರಣಾಳಿಕೆಯ ತಿರುಳಾಗಿತ್ತು. ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಐವರ ಪೈಕಿ ಮೇಲರ್ ನಾಲ್ಕನೆಯವರಾಗಿ, ಸುಮಾರು 41 ಸಾವಿರ ಮತ ಗಳಿಸಿ ಸೋತರು. 1971ರಲ್ಲಿ ಸಂಸತ್ ಸದಸ್ಯೆ ಬೆಲ್ಲಾ ಆಬ್ಜುಗ್ ಇದೇ ಬೇಡಿಕೆಗೆ ದನಿಗೂಡಿಸಿದರು. ಸಾಹಿತಿಯ ಹುಚ್ಚಾಟವೆಂದು ಕೆಲವರು ನಕ್ಕರೂ ಬೇಡಿಕೆಯ ಹಿಂದಿದ್ದ ದೂರು ನಗೆಗೆ ಈಡಾಗುವಂಥದ್ದಾಗಿರಲಿಲ್ಲ.

ಆ ದೂರು ಇಷ್ಟು: ಆಸ್ತಿ ತೆರಿಗೆಯೊಂದನ್ನು ಬಿಟ್ಟರೆ ಬೇರಾವ ತೆರಿಗೆಯನ್ನೂ ಆಲ್ಬನಿಯ ಅನುಮತಿಯಿಲ್ಲದೆ ನಗರವು ವಿಧಿಸುವಂತಿಲ್ಲ. ನೆಲದಡಿಯ ರೈಲಿನ ಆಸ್ತಿ ನಗರದ್ದು, ಆದರೆ ಅದನ್ನು ನಡೆಸುವ ಸಾರಿಗೆ ಪ್ರಾಧಿಕಾರ ರಾಜ್ಯದ್ದು. ಎರಡು ಉದಾಹರಣೆಗಳು ಸಾಕು. ಹೊರ ಊರುಗಳಲ್ಲಿ ವಾಸವಿದ್ದು ನಗರದಲ್ಲಿ ದುಡಿಯುವವರ ವೇತನದ ಮೇಲೆ 1966ರಿಂದ ತೆರಿಗೆ ವಸೂಲು ಮಾಡಲಾಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದರ ದರ ಶೇಕಡಾ 0.45 ಆಗಿತ್ತು. ಉಪನಗರದ ಒಂದು ಶಾಸನಸಭಾ ಉಪಚುನಾವಣೆಯ ಹೊತ್ತಿನಲ್ಲಿ, 1999ರಲ್ಲಿ, ರಾಜ್ಯದ ಶಾಸನಸಭೆ ಅದನ್ನು ರದ್ದುಪಡಿಸಿತು. ಆ ನಷ್ಟ ನಗರದ ಬೊಕ್ಕಸದ್ದು. ನಿರ್ಧಾರ ಮಾತ್ರ ಬೇರೆಯವರದು. ಇನ್ನು, ಮ್ಯಾನ್‌ಹಟನ್ನಿನ ಜನನಿಬಿಡ ಭಾಗಕ್ಕೆ ಬರುವ ವಾಹನಗಳಿಗೆ ಶುಲ್ಕ ವಿಧಿಸುವ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ಯೋಜನೆ 2008ರಲ್ಲಿ ಆಲ್ಬನಿಯಲ್ಲಿ ಮತಕ್ಕೇ ಬಾರದೆ ಬಿದ್ದುಹೋಯಿತು. ಅದಕ್ಕಾಗಿ ಕೇಂದ್ರ ಸರ್ಕಾರ ಕೊಡಲೊಪ್ಪಿದ್ದ 35.4 ಕೋಟಿ ಡಾಲರು ನಗರದ ಕೈತಪ್ಪಿತು. ಅದೇ ಬಗೆಯ ಶುಲ್ಕಕ್ಕೆ ರಾಜ್ಯ ಅನುಮತಿಯಿತ್ತದ್ದು 2019ರಲ್ಲಿ. ವಸೂಲಿ ಆರಂಭವಾದದ್ದು 2025ರ ಜನವರಿ 5ರಂದು. ತನ್ನ ರಸ್ತೆಗಳ ಮೇಲೆ ಶುಲ್ಕ ವಿಧಿಸಲು ನಗರವೊಂದು ಹದಿನೇಳು ವರ್ಷ ಕಾಯಬೇಕಾಯಿತು.

ಕೊಟ್ಟದ್ದೆಷ್ಟು, ಪಡೆದದ್ದೆಷ್ಟು?

ನಗರವು ರಾಜ್ಯಕ್ಕೆ ಕೊಡುವುದು, ಅದರಿಂದ ಪಡೆಯುವುದಕ್ಕಿಂತ 1,100 ಕೋಟಿ ಡಾಲರಿನಷ್ಟು ಹೆಚ್ಚೆಂದು ಬ್ಲೂಮ್‌ಬರ್ಗ್ ಅವರು 2008ರಲ್ಲಿ ಶಾಸಕರ ಮುಂದೆ ಹೇಳಿದ್ದರು. ನಗರಸಭಾ ಸದಸ್ಯ ಪೀಟರ್ ವಲೋನ್ ಜೂನಿಯರ್ ಅದನ್ನೇ ಆಧಾರವಾಗಿಸಿಕೊಂಡು ಪ್ರತ್ಯೇಕ ರಾಜ್ಯದ ಪ್ರಸ್ತಾಪವನ್ನು ಮತ್ತೆ ಮುಂದಿಟ್ಟರು. ಇದು ಒಂದು ಪಕ್ಷದ ಲೆಕ್ಕ. ರಾಕ್‌ಫೆಲರ್ ಇನ್‌ಸ್ಟಿಟ್ಯೂಟ್ ಆಫ್ ಗವರ್ನಮೆಂಟ್ ಎಂಬ ಅಧ್ಯಯನ ಸಂಸ್ಥೆ 2009-10ನೆಯ ಸಾಲಿನ ಖಾತೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿ ಇನ್ನೊಂದು ಚಿತ್ರವನ್ನು ನೀಡುತ್ತದೆ. ರಾಜ್ಯದ ವರಮಾನದಲ್ಲಿ ನಗರದ ಕೊಡುಗೆ ಶೇಕಡಾ 45ರಷ್ಟು, ವೆಚ್ಚದಲ್ಲಿ ಪಾಲು ಶೇಕಡಾ 40ರಷ್ಟು. ನಗರದ ಸುತ್ತಲಿನ ಉಪನಗರಗಳ ಕೊಡುಗೆ ಸುಮಾರು 27, ಪಾಲು ಸುಮಾರು 18. ಆಲ್ಬನಿ ಪ್ರದೇಶವನ್ನು ಬಿಟ್ಟು ಉಳಿದ ರಾಜ್ಯ ಕೊಟ್ಟದ್ದು 24ರಷ್ಟು, ಪಡೆದದ್ದು 35ರಷ್ಟು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ನಗರ ಬಿಟ್ಟುಕೊಡುತ್ತಿದ್ದುದು ನಿಜ. ಆದರೆ ತಮ್ಮ ಗಾತ್ರಕ್ಕೆ ಹೋಲಿಸಿದರೆ ಉಪನಗರಗಳು ಅದಕ್ಕಿಂತ ಹೆಚ್ಚು ಬಿಟ್ಟುಕೊಡುತ್ತಿದ್ದವು. ಅಲ್ಲದೆ ಮ್ಯಾನ್‌ಹಟನ್ನಿನ ಕಚೇರಿಯಲ್ಲಿ ದುಡಿದು ಉಪನಗರದ ಮನೆಗೆ ಹೋಗುವವನ ತೆರಿಗೆಯನ್ನು ಯಾರ ಹೆಸರಿಗೆ ಜಮಾ ಮಾಡಬೇಕು? ದುಡಿದ ಜಾಗಕ್ಕೋ, ಮಲಗುವ ಜಾಗಕ್ಕೋ? ಈ ಒಂದು ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಖಾತೆಯ ಮೊತ್ತವೇ ಬದಲಾಗುತ್ತದೆ. ಪಾಲುಗಾರಿಕೆ ಮುರಿಯುವಾಗ ಗಿರಾಕಿ ಯಾರವನೆಂಬ ಜಗಳ ಏಳುವುದು ಇದೇ ರೀತಿಯಲ್ಲಿ.

ಪಾಲು ಪಡೆದವರು ತೆತ್ತ ಬೆಲೆ

ಅಮೆರಿಕದ ಸಂವಿಧಾನದ 4ನೆಯ ವಿಧಿಯ 3ನೆಯ ಪ್ರಕರಣದಂತೆ, ಇರುವ ರಾಜ್ಯವನ್ನು ಒಡೆದು ಹೊಸ ರಾಜ್ಯ ರಚಿಸಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆಯ ಜೊತೆಗೆ ಆ ರಾಜ್ಯದ ಶಾಸನಸಭೆಯ ಒಪ್ಪಿಗೆಯೂ ಕಡ್ಡಾಯ. ನಮ್ಮ ಸಂವಿಧಾನದ 3ನೆಯ ಅನುಚ್ಛೇದ ಇದಕ್ಕಿಂತ ಭಿನ್ನ. ಇಲ್ಲಿ ಸಂಸತ್ತು ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಅದಕ್ಕೆ ಬದ್ಧವಾಗಬೇಕಿಲ್ಲ. ಆಂಧ್ರಪ್ರದೇಶದ ವಿಧಾನಸಭೆ ತಿರಸ್ಕರಿಸಿದ ಬಳಿಕವೂ 2014ರಲ್ಲಿ ತೆಲಂಗಾಣ ರಚನೆಯಾದದ್ದು ಹೀಗೆ. ವರಮಾನ ತರುವ ಹೈದರಾಬಾದ್ ಯಾರ ಪಾಲಿಗೆ ಎಂಬುದೇ ಅಲ್ಲಿಯೂ ಬಿಸಿ ಚರ್ಚೆಯ ವಿಷಯವಾಗಿತ್ತು. ಅಮೆರಿಕದಲ್ಲಾದರೋ ಅಣ್ಣನ ಸಹಿಯಿಲ್ಲದೆ ವಿಭಾಗಪತ್ರ ನೋಂದಣಿಯಾಗದು. ಅತಿ ಹೆಚ್ಚು ತೆರಿಗೆ ತರುವ ನಗರವನ್ನು ಬಿಟ್ಟುಕೊಡುವ ಪತ್ರಕ್ಕೆ ಆಲ್ಬನಿ ಸಹಿ ಮಾಡುವುದೆಂದು ನಿರೀಕ್ಷಿಸುವುದು ಕಷ್ಟ.

ಹಾಗೆಂದು ಇಂತಹ ವಿಭಜನೆ ನಡೆದೇ ಇಲ್ಲವೆಂದಲ್ಲ. ನಡೆದಾಗಲೆಲ್ಲ ಬೆಲೆ ತೆರಬೇಕಾಯಿತು. ವರ್ಮಾಂಟ್ ತನ್ನ ಮೇಲಿದ್ದ ನ್ಯೂಯಾರ್ಕ್ ರಾಜ್ಯದ ಭೂ ಹಕ್ಕುಗಳನ್ನು ಬಿಡಿಸಿಕೊಳ್ಳಲು 30,000 ಡಾಲರು ಕೊಟ್ಟು, 1791ರಲ್ಲಿ ರಾಜ್ಯವಾಯಿತು. 1820ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಬೇರೆಯಾದ ಮೇಯ್ನ್, ತನ್ನ ಗಡಿಯೊಳಗಿನ ಸಾರ್ವಜನಿಕ ಭೂಮಿಯಲ್ಲಿ ಅರ್ಧದಷ್ಟನ್ನು ಹಳೆಯ ರಾಜ್ಯಕ್ಕೇ ಬಿಡಬೇಕಾಯಿತು. ಉಳಿದದ್ದನ್ನು 1853ರಲ್ಲಿ ಹಣ ತೆತ್ತು ಕೊಂಡುಕೊಂಡಿತು. ವರ್ಜೀನಿಯಾದಿಂದ 1863ರಲ್ಲಿ ಬೇರ್ಪಟ್ಟ ಪಶ್ಚಿಮ ವರ್ಜೀನಿಯಾದ ಕಥೆ ಇನ್ನೂ ದೀರ್ಘವಾದುದು. ಹಳೆಯ ಸಾಲದಲ್ಲಿ ಅದರ ಪಾಲೆಷ್ಟೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1.24 ಕೋಟಿ ಡಾಲರು ಕೊಡಬೇಕೆಂದು 1915ರಲ್ಲಿ ತೀರ್ಪಾಯಿತು. ಕೊನೆಯ ಕಂತು ತೀರಿದ್ದು 1939ರಲ್ಲಿ. ಬೇರೆ ಮನೆ ಹೂಡಿ 76 ವರ್ಷ ಕಳೆದ ಮೇಲೆ ಹಳೆಯ ಮನೆಯ ಸಾಲ ಹರಿಯಿತು.

ಖರ್ಚಿನ ಪುಟ

ನಗರದ ಬೆಂಬಲಿಗರು ಹೆಚ್ಚಾಗಿ ಜಮೆಯ ಪುಟವನ್ನೇ ಓದುತ್ತಾರೆ. ಖರ್ಚಿನ ಪುಟವನ್ನೂ ತಿರುವಿ ನೋಡುವುದು ವರ್ತಕನ ಧರ್ಮ. ರಾಜ್ಯ ನಡೆಸುತ್ತಿರುವ ನ್ಯಾಯಾಲಯಗಳು, ಸೆರೆಮನೆಗಳು, ನಗರ ವಿಶ್ವವಿದ್ಯಾಲಯಕ್ಕೆ ನೀಡುವ ನೆರವು, ಶಾಲೆಗಳ ಅನುದಾನ ಇವೆಲ್ಲ ನಗರದ ಹೆಗಲಿಗೆ ಬರುತ್ತವೆ. ಬಡವರ ವೈದ್ಯಕೀಯ ನೆರವಿನ ಯೋಜನೆಯಾದ ಮೆಡಿಕೈಡ್‌ನಲ್ಲಿ ಕೇಂದ್ರದ ಪಾಲು ಕಳೆದು ಉಳಿಯುವ ವೆಚ್ಚವನ್ನು ಇಂದು ರಾಜ್ಯ ಮತ್ತು ನಗರ ಹಂಚಿಕೊಳ್ಳುತ್ತವೆ. ಬೇರೆಯಾದ ದಿನದಿಂದ ಹಂಚಿಕೊಳ್ಳಲು ಇನ್ನೊಬ್ಬರಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ನೀರು. ನಗರಕ್ಕೆ ದಿನವೊಂದಕ್ಕೆ ಬೇಕಾಗುವ ನೀರು ಸುಮಾರು 100 ಕೋಟಿ ಗ್ಯಾಲನ್, ಅಂದರೆ ಸುಮಾರು 380 ಕೋಟಿ ಲೀಟರು. ಅದರ ಹನಿ ಹನಿಯೂ ಬರುವುದು ನಗರದ ಗಡಿಯಾಚೆಯ, 200 ಕಿಲೋಮೀಟರು ದೂರದವರೆಗೆ ಹರಡಿರುವ ಜಲಾಶಯಗಳಿಂದ. ಅವುಗಳ ಜಲಾನಯನ ಪ್ರದೇಶ ನಗರದ ನೆಲದ ಆರು ಪಟ್ಟಿಗೂ ಹೆಚ್ಚು. ಅಣೆಕಟ್ಟುಗಳಿಗಾಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಹಳ್ಳಿಗಳು ಮುಳುಗಿದವು. ಅಲ್ಲಿನ ಜನ ಅದನ್ನು ಇನ್ನೂ ಮರೆತಿಲ್ಲ. ನೀರು ಶುದ್ಧವಾಗಿ ಉಳಿಯಲು ಮೇಲಿನ ರೈತರು ಮತ್ತು ಪಟ್ಟಣಗಳೊಂದಿಗೆ 1997ರಲ್ಲಿ ನಗರ ಒಪ್ಪಂದ ಮಾಡಿಕೊಂಡದ್ದು ರಾಜ್ಯದ ಮಧ್ಯಸ್ಥಿಕೆಯಲ್ಲಿ. ಡೆಲಾವೇರ್ ನದಿಯ ನೀರಿಗೆ ನೆರೆಯ ರಾಜ್ಯಗಳು ತಕರಾರು ತೆಗೆದಾಗ ಸುಪ್ರೀಂ ಕೋರ್ಟು 1931ರಲ್ಲೂ 1954ರಲ್ಲೂ ಹಂಚಿಕೆ ನಿಗದಿಪಡಿಸಬೇಕಾಯಿತು. ನಗರ ಪ್ರತ್ಯೇಕ ರಾಜ್ಯವಾದರೆ ಇಂದು ರಾಜ್ಯದೊಳಗಿನ ಮಾತುಕತೆಯಾಗಿರುವುದು ನಾಳೆ ಅಂತರರಾಜ್ಯ ಜಲವಿವಾದವಾಗುತ್ತದೆ. ಕಾವೇರಿಯ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ದೊರೆಯಲು 2018ರವರೆಗೆ ಕಾದ ನಮಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಕಷ್ಟಕಾಲದ ಜಾಮೀನು ಇನ್ನೊಂದು ಅಂಶ. 1975ರಲ್ಲಿ ನಗರದ ಸಾಲಪತ್ರಗಳನ್ನು ಕೊಳ್ಳುವವರೇ ಇಲ್ಲದಾಗ, ರಾಜ್ಯ ಸರ್ಕಾರ ಮುನಿಸಿಪಲ್ ಅಸಿಸ್ಟೆನ್ಸ್ ಕಾರ್ಪೊರೇಷನ್ ಸ್ಥಾಪಿಸಿ, ನಗರದ ಮಾರಾಟ ತೆರಿಗೆಯನ್ನು ಅದಕ್ಕೆ ಆಧಾರವಾಗಿಟ್ಟು ಹಣ ಎತ್ತಿತು. ನಗರದ ಲೆಕ್ಕಪತ್ರಗಳ ಮೇಲೆ ನಿಯಂತ್ರಣ ಮಂಡಳಿಯನ್ನೂ ಕೂರಿಸಿತು. ಶಿಕ್ಷಕರ ಪಿಂಚಣಿ ನಿಧಿ ಸಾಲಪತ್ರ ಕೊಳ್ಳಲು ಒಪ್ಪಿದ ಮೇಲೆಯೇ ಆ ಅಕ್ಟೋಬರಿನಲ್ಲಿ ದಿವಾಳಿ ತಪ್ಪಿತು. ಮೊದಲು ನೆರವು ನಿರಾಕರಿಸಿದ್ದ ಅಧ್ಯಕ್ಷ ಫೋರ್ಡ್ ಅವರು ಡಿಸೆಂಬರಿನಲ್ಲಿ ವರ್ಷಕ್ಕೆ 230 ಕೋಟಿ ಡಾಲರಿನವರೆಗೆ ಅಲ್ಪಾವಧಿ ಸಾಲಕ್ಕೆ ಒಪ್ಪಿದರು. ಆ ವರ್ಷ ನಗರವು ತಾನೇ ರಾಜ್ಯವಾಗಿದ್ದಿದ್ದರೆ ಅದರ ಬೆನ್ನಿಗೆ ನಿಲ್ಲುವ ರಾಜ್ಯವೇ ಇರುತ್ತಿರಲಿಲ್ಲ.

ವರ್ತಕರಿಗೆ ಆಗುವುದೇನು?

ಸಣ್ಣ ಅಂಗಡಿಕಾರರು ಮತ್ತು ತಯಾರಕರ ದೃಷ್ಟಿಯಿಂದ ಲಾಭ ನಷ್ಟಗಳನ್ನು ತೂಗಿ ನೋಡೋಣ. ನಗರದಲ್ಲಿ ಮಾರಾಟ ತೆರಿಗೆ ಶೇಕಡಾ 8.875. ಅದರಲ್ಲಿ ರಾಜ್ಯಕ್ಕೆ 4, ನಗರಕ್ಕೆ 4.5, ಸಾರಿಗೆ ವಲಯಕ್ಕೆ 0.375. ರಾಜ್ಯವಾದ ನಗರ ಆ 4ನ್ನೂ ತಾನೇ ಇಟ್ಟುಕೊಳ್ಳಬಹುದು, ದರವನ್ನೂ ತಾನೇ ನಿರ್ಧರಿಸಬಹುದು. ಹೊರಗಿನಿಂದ ಬಂದು ದುಡಿಯುವವರ ಆದಾಯಕ್ಕೆ ಆಲ್ಬನಿಯನ್ನು ಕೇಳದೆ ತೆರಿಗೆ ಹಾಕಬಹುದು. ನ್ಯೂಜೆರ್ಸಿಯಿಂದ ಬರುವವರು ಇಂದು ರಾಜ್ಯಕ್ಕೆ ತೆರುವ ಆದಾಯ ತೆರಿಗೆಯೂ ಆಗ ನಗರಕ್ಕೇ ಸಲ್ಲುತ್ತದೆ. ಇದು ಬೇಡಿಕೆಯ ಗಟ್ಟಿಯಾದ ಭಾಗ.

ಆದರೆ ಕ್ವೀನ್ಸ್‌ನ ತಯಾರಕನಿಗೆ ಲಾಂಗ್ ಐಲೆಂಡಿನ ಗಿರಾಕಿ ಆ ದಿನದಿಂದ ಹೊರರಾಜ್ಯದವನಾಗುತ್ತಾನೆ. ರಾಜ್ಯಗಳ ನಡುವೆ ಸುಂಕದ ಕಟ್ಟೆ ಹಾಕಲು ಅಮೆರಿಕದ ಸಂವಿಧಾನ ಅವಕಾಶ ಕೊಡುವುದಿಲ್ಲವಾದರೂ, ಎರಡು ತೆರಿಗೆ ನೋಂದಣಿ, ಎರಡು ವಿವರಪಟ್ಟಿ, ಎರಡು ಪರವಾನಗಿಗಳ ರಗಳೆ ತಪ್ಪದು. ವಿಮೆ, ಮದ್ಯ ಮಾರಾಟ, ವೃತ್ತಿ ಪರವಾನಗಿಗಳೆಲ್ಲ ಅಲ್ಲಿ ರಾಜ್ಯದ ವಿಷಯಗಳು. ದೊಡ್ಡ ಕಂಪನಿ ಇದಕ್ಕೆಂದೇ ಗುಮಾಸ್ತರನ್ನಿಡಬಲ್ಲದು. ಸಣ್ಣವನು ರಾತ್ರಿ ತಾನೇ ಕುಳಿತು ತುಂಬಬೇಕು.

ನಮ್ಮ ರಫ್ತುದಾರರಿಗೂ ಸಂಬಂಧಿಸಿದ ಒಂದು ಅಂಶವಿದೆ. ಎರಡೂವರೆ ಲಕ್ಷ ಡಾಲರು ಅಥವಾ ಅದಕ್ಕೂ ಹೆಚ್ಚಿನ ಒಪ್ಪಂದಗಳಿಗೆ, ಆ ರಾಜ್ಯದೊಡನೆ ಯಾವ ನಂಟಿಲ್ಲದವರೂ ‘ನ್ಯೂಯಾರ್ಕ್ ರಾಜ್ಯದ ಕಾನೂನು’ ಅನ್ವಯಿಸಬೇಕೆಂದು ಆರಿಸಿಕೊಳ್ಳಲು 1984ರ ಕಾಯಿದೆ ಅವಕಾಶ ಕೊಟ್ಟಿದೆ. ನಗರ ಬೇರೆಯಾದರೆ ಆ ಮಾತಿನ ಅರ್ಥ ಯಾವ ರಾಜ್ಯ? ಹೊಸ ರಾಜ್ಯಗಳು ಹಳೆಯ ರಾಜ್ಯದ ಕಾನೂನನ್ನೇ ಮುಂದುವರಿಸುವುದು ರೂಢಿಯಾದರೂ ವಕೀಲರಿಗೆ ಕೆಲಕಾಲ ಕೈತುಂಬ ಕೆಲಸ ಸಿಗುವುದು ನಿಶ್ಚಯ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಪ್ರತಿದಿನ ನೋಡುವ ನ್ಯೂಯಾರ್ಕ್ ಅರೇಬಿಕಾ ಧಾರಣೆಗೆ ಮಾತ್ರ ಇದರಿಂದ ಬಾಧೆಯಿಲ್ಲ. ವಾಯಿದೆ ವಹಿವಾಟಿನ ಮೇಲ್ವಿಚಾರಣೆ ಕೇಂದ್ರ ಸರ್ಕಾರದ್ದು.

ಪಾಲಿನೊಳಗೊಂದು ಪಾಲು

ಈ ಕಥೆಗೆ ಒಂದು ಉಪಕಥೆಯೂ ಇದೆ. ನಗರವು ರಾಜ್ಯದ ಮೇಲೆ ಹೊರಿಸುವ ಆರೋಪವನ್ನೇ ನಗರದ ಅತಿ ಕಡಿಮೆ ಜನಸಂಖ್ಯೆಯ ವಿಭಾಗವಾದ ಸ್ಟೇಟನ್ ಐಲೆಂಡ್ ನಗರದ ಮೇಲೆ ಹೊರಿಸಿತು. ನಗರದ ಕಸವನ್ನು 1948ರಿಂದ ತನ್ನ ಫ್ರೆಶ್ ಕಿಲ್ಸ್ ಪ್ರದೇಶದಲ್ಲಿ ಸುರಿಯುತ್ತಿದ್ದರೂ ತೀರ್ಮಾನಗಳಲ್ಲಿ ತನಗೆ ಬೆಲೆಯಿಲ್ಲವೆಂಬುದು ಅದರ ದೂರು. 1993ರಲ್ಲಿ ಅಲ್ಲಿನ ಮತದಾರರಲ್ಲಿ ಶೇಕಡಾ 65 ಮಂದಿ ನಗರದಿಂದ ಬೇರೆಯಾಗಲು ಮತ ನೀಡಿದರು. ಅದಕ್ಕೆ ಮೊದಲು ನಗರದ ಸಮ್ಮತಿ ಬೇಕೆಂದು ರಾಜ್ಯದ ಶಾಸನಸಭೆಯಲ್ಲಿ ಅಡ್ಡಿ ಬಂದು ಪ್ರಸ್ತಾಪ ನಿಂತಿತು. ಆದರೆ ಮತದಾನ ವ್ಯರ್ಥವಾಗಲಿಲ್ಲ: ಕಸದ ಗುಂಡಿಯನ್ನು ಮುಚ್ಚುವ ನಿರ್ಧಾರವಾಗಿ, 2001ರಲ್ಲಿ ಅದು ಮುಚ್ಚಿತು.

ಪ್ರತ್ಯೇಕ ರಾಜ್ಯದ ಬೇಡಿಕೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎನ್ನಬಹುದು. ನೀರು, ಸಾಲ, ಗಿರಾಕಿ, ಕಾನೂನು ಎಲ್ಲವೂ ಹೆಣೆದುಕೊಂಡಿರುವಾಗ ಪಾಲಾಗುವುದು ಲಾಭದ ಮಾತಲ್ಲವೆಂದು ನಗರದ ಹಿರಿಯರು ಬಲ್ಲರು. ಹಾಗಿದ್ದೂ ಆ ಮಾತು ಮತ್ತೆ ಮತ್ತೆ ಏಳುವುದಕ್ಕೆ ಕಾರಣ ಹಣವಷ್ಟೇ ಅಲ್ಲ. ನೂರರಲ್ಲಿ ಐದು ಕಡಿಮೆ ಬಂದರೆ ತಮ್ಮ ಸಹಿಸಿಯಾನು. ತನ್ನ ಅಂಗಡಿಯ ಬಾಗಿಲು ತೆರೆಯಲು ಹದಿನೇಳು ವರ್ಷ ಕೀಲಿಗಾಗಿ ಕಾಯುವುದನ್ನು ಸಹಿಸಲಾರ. ಆದಕಾರಣ ಕೂಡು ವ್ಯವಹಾರ ಉಳಿಯಬೇಕೆಂದು ಬಯಸುವ ಅಣ್ಣಂದಿರು ಎರಡು ಕೆಲಸ ಮಾಡಬೇಕು. ಖಾತೆಪುಸ್ತಕವನ್ನು ವರ್ಷಕ್ಕೊಮ್ಮೆ ಎಲ್ಲರೆದುರು ತೆರೆಯಬೇಕು. ದುಡಿಯುವ ಅಂಗಡಿಗೆ ಅದರ ಬಾಗಿಲಿನ ಕೀಲಿಯನ್ನಾದರೂ ಕೊಡಬೇಕು. ತಿಜೋರಿಯ ಮಾತು ಆಮೇಲೆ.